ಹೊಸ ಕಾಯಿಲ್ ಸುತ್ತಿದರೂ ಸುಟ್ಟ ರುಚಿ, ಜೊತೆಗೆ ಲೀಕ್ ಬೇರೆ (ಆರ್‌ಟಿಎ ಟ್ಯಾಂಕ್)

ಲೆಸ್ಟರ್‌ವಾಸಿ:
ಎಲ್ಲರಿಗೂ ನಮಸ್ಕಾರ. ಸಿಗರೇಟು ಬಿಡಬೇಕು ಅಂತ ವೇಪ್‌ಗೆ (ಇ-ಸಿಗರೇಟಿಗೆ) ಬಂದವನು ನಾನು. ಲಿಕ್ವಿಡ್ ಬಿಸಿ ಮಾಡುವ ತಂತಿ ಸುರುಳಿ, ಅಂದರೆ ರೆಡಿಮೇಡ್ ಕಾಯಿಲ್‌ಗೆ ದುಡ್ಡು ಸುರಿದು ಸಾಕಾಯಿತು. ಈಗ ಮನೆಯಲ್ಲೇ ಸುತ್ತುತ್ತಿದ್ದೇನೆ.

ಸಿಂಗಲ್ ಕಾಯಿಲ್ ಆರ್‌ಟಿಎ (ಕಾಯಿಲ್ ನಾವೇ ಸುತ್ತಿ ಕೂರಿಸುವ ಟ್ಯಾಂಕ್). 26 ಗೇಜ್ ಕಾಂತಲ್ (ಬಿಸಿ ತಾಳುವ ಮಿಶ್ರಲೋಹ) ತಂತಿ, 3 ಮಿ.ಮೀ. ರಾಡ್ ಮೇಲೆ 6 ಸುತ್ತು. ಮಾಡ್ (ಬ್ಯಾಟರಿ ಇರುವ ಭಾಗ) 0.82 ಓಮ್ ತೋರಿಸುತ್ತದೆ. 18 ವ್ಯಾಟ್. ಲಿಕ್ವಿಡ್ 70 ವಿಜಿ (ವೆಜಿಟೇಬಲ್ ಗ್ಲಿಸರಿನ್), 30 ಪಿಜಿ (ಪ್ರೊಪಿಲೀನ್ ಗ್ಲೈಕಾಲ್).

ಮೊದಲ ನಾಲ್ಕೈದು ದಮ್ಮು ಚೆನ್ನಾಗಿರುತ್ತದೆ. ಆಮೇಲೆ ಗಂಟಲು ಹಿಡಿಯುವ ಸುಟ್ಟ ರುಚಿ. ಲಿಕ್ವಿಡ್ ಹೀರಲು ಕಾಯಿಲ್ ಒಳಗೆ ಹಾಕುವ ಹತ್ತಿ ಕಮ್ಮಿ ಮಾಡಿದೆ, ಗಾಳಿ ತೂತಿನಿಂದ ಲಿಕ್ವಿಡ್ ಸೋರಿ ಜೇಬೆಲ್ಲ ಅಂಟಂಟು. ಜಾಸ್ತಿ ಹಾಕಿದೆ, ಆಗಲೂ ಸೋರುತ್ತದೆ, ಸುಟ್ಟ ರುಚಿಯೂ ಹೋಗಿಲ್ಲ. ಟ್ಯಾಂಕೇ ಸರಿಯಿಲ್ಲವಾ?

ಕೋವೆಂಟ್ರಿ ಕಿಟ್ಟಿ:
ವ್ಯಾಟ್ ಇಳಿಸಿ ಗುರು. 14ಕ್ಕೆ ಬಂದು ನೋಡಿ. ಚಳಿಗೆ ವಿಜಿ ಗಟ್ಟಿಯಾಗುತ್ತದೆ, ಬೇಗ ಹರಿಯಲ್ಲ. 50/50 ಲಿಕ್ವಿಡ್ ಹಾಕಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ತಂತಿಮಾಮ:
ವ್ಯಾಟ್ ಆಮೇಲೆ. ಮೊದಲು ಹತ್ತಿಯ ಬಾಲ, ಅಂದರೆ ಕಾಯಿಲ್‌ನಿಂದ ಎರಡೂ ಕಡೆ ಹೊರಗೆ ಇಳಿಯುವ ಹತ್ತಿ ನೋಡಿ. ಆರ್‌ಟಿಎಯಲ್ಲಿ ಮುಕ್ಕಾಲು ಪಾಲು ತಕರಾರು ಅಲ್ಲೇ ಇರುತ್ತದೆ.

ಹತ್ತಿಯನ್ನು ಕಾಯಿಲ್ ಒಳಗೆ ಎಳೆದಾಗ ಸ್ವಲ್ಪ ಬಿಗಿ ಇರಬೇಕು. ಹಾಗಂತ ಕಾಯಿಲ್ ಆಕಾರ ಕೆಡಬಾರದು. ಎರಡೂ ಬಾಲಗಳನ್ನು ಡೆಕ್‌ನ (ಕಾಯಿಲ್ ಕೂರಿಸುವ ತಳದ) ಹೊರ ಅಂಚಿನವರೆಗೆ ಬಿಟ್ಟು ಕತ್ತರಿಸಿ. ತುದಿಯನ್ನು ಚಿಮಟದಿಂದ ಬಾಚಿ ಅರ್ಧದಷ್ಟು ತೆಳು ಮಾಡಿ. ಆಮೇಲೆ ಲಿಕ್ವಿಡ್ ಬರುವ ತೂತುಗಳ ಮೇಲೆ ಸುಮ್ನೆ ಕೂರಿಸಿ. ಒಳಗೆ ತುರುಕಬೇಡಿ. ತೂತು ಮುಚ್ಚಿರಬೇಕು, ಕಟ್ಟಿಕೊಂಡಿರಬಾರದು. ತುರುಕಿದರೆ ಲಿಕ್ವಿಡ್ ಮೇಲೆ ಬರದೆ ಸುಡುತ್ತದೆ. ತೂತು ಪೂರ್ತಿ ಮುಚ್ಚದಿದ್ದರೆ ಸೋರುತ್ತದೆ.

ಟ್ಯಾಂಕ್ ತುಂಬುವಾಗ ಗಾಳಿ ತೂತು ಮುಚ್ಚಿಕೊಳ್ಳಿ. ತುಂಬಿದ ಮೇಲೆ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಯಾರೂ ಕಾಯುವುದಿಲ್ಲ!

ಲೆಸ್ಟರ್‌ವಾಸಿ:
ಧನ್ಯವಾದ ಮಾಮ. ಬಾಲ ತೆಳು ಮಾಡಿದೆ, ತುರುಕಲಿಲ್ಲ, ರಾತ್ರಿಯಿಡೀ ಹಾಗೇ ಇಟ್ಟೆ. 14 ವ್ಯಾಟ್‌ಗೂ ಇಳಿಸಿದೆ. ಅದೇ ಕಥೆ. ಬಿಚ್ಚಿ ನೋಡಿದರೆ ಕಾಯಿಲ್ ಒಳಗಿನ ಹತ್ತಿ ಕಂದು ಬಣ್ಣ. ಆದರೆ ಬಾಲದ ತುದಿ ಬೆಳ್ಳಗಿದೆ, ಒಳಗೆ ಒಣಗಿದ ಹಾಗೂ ಇದೆ. ಇದೇ ನನಗೆ ವಿಚಿತ್ರ ಅನಿಸಿದ್ದು.

ತಂತಿಮಾಮ:
ಬಾಲ ಲಿಕ್ವಿಡ್‌ನಲ್ಲೇ ಕೂತಿದ್ದೂ ಒಳಗೆ ಒಣಗಿದೆಯಾ? ಹಾಗಿದ್ದರೆ ತಂತಿಯ ಮೇಲಿನ ಅನುಮಾನ ಬಿಡೋಣ. ಲೆಕ್ಕ ನೋಡಿ. 26 ಗೇಜ್ ಕಾಂತಲ್ ಮೀಟರಿಗೆ ಸುಮಾರು 11 ಓಮ್. 3 ಮಿ.ಮೀ. ರಾಡ್ ಮೇಲೆ ಒಂದು ಸುತ್ತಿಗೆ 10.7 ಮಿ.ಮೀ. ತಂತಿ ಬೇಕು. 6 ಸುತ್ತು, ಜೊತೆಗೆ ಕಾಲುಗಳಿಗೆ (ಸ್ಕ್ರೂಗೆ ಸಿಕ್ಕಿಸುವ ತಂತಿ ತುದಿಗಳಿಗೆ) ಒಂದು ಸೆಂಟಿಮೀಟರ್ ಸೇರಿಸಿದರೆ 0.8 ಓಮ್ ಆಸುಪಾಸು ಬರುತ್ತದೆ. ನಿಮ್ಮ ಮಾಡ್ ಅದನ್ನೇ ಹೇಳುತ್ತಿದೆ. ಸ್ಟೀಲ್ ತಂತಿಯಾಗಿದ್ದರೆ ಇದರ ಅರ್ಧ ಬರುತ್ತಿತ್ತು. ಸ್ಕ್ರೂ ಸಡಿಲ ಇದ್ದರೆ ಓಮ್ ಕುಣಿಯುತ್ತಿತ್ತು.

ನನಗೆ ಕಾಡುತ್ತಿರುವುದು ಬೇರೆ. ಹತ್ತಿ ಕಮ್ಮಿಯಾದರೆ ಸೋರುತ್ತದೆ, ಜಾಸ್ತಿಯಾದರೆ ಸುಡುತ್ತದೆ. ನಿಮಗೆ ಎರಡೂ ಒಟ್ಟಿಗೆ ಆಗುತ್ತಿದೆ. ಅಂದರೆ ಹತ್ತಿ ಎಷ್ಟಿದೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಹತ್ತಿ ಹೀರುತ್ತಲೇ ಇಲ್ಲ. ಲಿಕ್ವಿಡ್ ಅದರ ಪಕ್ಕದಲ್ಲೇ ಜಾರಿ ಕೆಳಗೆ ಹೋಗುತ್ತಿದೆ. ಯಾವ ಹತ್ತಿ ಹಾಕಿದ್ದೀರಿ? ಎಲ್ಲಿಂದ ತಂದಿರಿ?

ಲೆಸ್ಟರ್‌ವಾಸಿ:
ಊರಿಂದ ಅಮ್ಮ ಕಳಿಸಿದ್ದು. ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ. ಬಿಡಿಸಿ ಇಟ್ಟಿದ್ದು, ಬೀಜ ಇಲ್ಲ, ಯಾವ ಕೆಮಿಕಲ್ಲೂ ಇಲ್ಲ. ಅಂಗಡಿ ಹತ್ತಿಗಿಂತ ಶುದ್ಧ ಅಲ್ವಾ?

ತಂತಿಮಾಮ:
ಸಿಕ್ಕಿತು!

ಅದು ಶುದ್ಧವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಗಿಡದಿಂದ ಬಂದ ಹತ್ತಿ ಎಳೆಯ ಮೇಲೆ ತೆಳುವಾಗಿ ಮೇಣ ಇರುತ್ತದೆ. ದೀಪಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಎಣ್ಣೆಗೂ ಮೇಣಕ್ಕೂ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ಬತ್ತಿ ಸರಾಗವಾಗಿ ಎಣ್ಣೆ ಎಳೆಯುತ್ತದೆ. ವೇಪ್ ಲಿಕ್ವಿಡ್ ಎಣ್ಣೆಯಲ್ಲ. ಪಿಜಿ, ವಿಜಿ ಎರಡೂ ನೀರಿನ ಜೊತೆ ಬೆರೆಯುವ ಜಾತಿ. ವಿಜಿ ಅಂದರೆ ಗ್ಲಿಸರಿನ್, ಮೇಲಾಗಿ ಮಂದ. ಮೇಣದ ಎಳೆಯೊಳಗೆ ಅದು ಬೇಗ ಹೋಗುವುದಿಲ್ಲ. ಫಾರ್ಮಸಿ ಹತ್ತಿಯನ್ನು ಕ್ಷಾರದಲ್ಲಿ ಕುದಿಸಿ ಮೇಣ ತೆಗೆದು, ಬಿಳುಪು ಮಾಡಿ, ತೊಳೆದು ಮಾರುತ್ತಾರೆ.

ಮೊದಲ ನಾಲ್ಕೈದು ದಮ್ಮು ಯಾಕೆ ಚೆನ್ನಾಗಿತ್ತು ಅಂದರೆ, ಕಾಯಿಲ್ ಮೇಲೆ ನೀವೇ ಕೈಯಾರೆ ಲಿಕ್ವಿಡ್ ಹನಿಸಿದ್ದೀರಿ, ಹೌದು ತಾನೇ? ಅದು ಖಾಲಿಯಾದ ಮೇಲೆ ಕೆಳಗಿಂದ ಬರಬೇಕಾದದ್ದು ಬರಲಿಲ್ಲ. ಪಾತ್ರೆಯಲ್ಲಿ ನೀರಿರುವ ತನಕ ತಳ ಹಿಡಿಯುವುದಿಲ್ಲವಲ್ಲ, ಇಲ್ಲೂ ಅಷ್ಟೇ. ಪಿಜಿ 188 ಡಿಗ್ರಿಗೆ ಕುದಿಯುತ್ತದೆ, ಗ್ಲಿಸರಿನ್ 290ಕ್ಕೆ. ಲಿಕ್ವಿಡ್ ಇರುವ ತನಕ ಕಾಯಿಲ್ ಬಿಸಿ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಣಗಿದ ಕೂಡಲೇ ಹತ್ತಿ ಸೀಯುತ್ತದೆ. ಆ ಹೊಗೆ ಎಳೆಯಬೇಡಿ. ಸುಟ್ಟ ರುಚಿ ಬಂದರೆ ಅಲ್ಲಿಗೇ ನಿಲ್ಲಿಸಿ.

ನನ್ನ ಮಾತು ನಂಬುವುದು ಬೇಡ, ನೋಡಿಬಿಡಿ. ಲೋಟದಲ್ಲಿ ನೀರು ಹಾಕಿ ಅಮ್ಮನ ಹತ್ತಿ ಒಂದು ಚಿಟಿಕೆ ಬಿಡಿ. ಇನ್ನೊಂದು ಲೋಟಕ್ಕೆ ಫಾರ್ಮಸಿಯ ಕಾಟನ್ ವುಲ್ ಬಿಡಿ. ಔಷಧ ದರ್ಜೆಯ ಹತ್ತಿ 10 ಸೆಕೆಂಡ್ ಒಳಗೆ ಮುಳುಗಬೇಕು ಅನ್ನುವುದು ಅದಕ್ಕಿರುವ ನಿಯಮ.

ಹುಬ್ಬಳ್ಳಿ ಟು ಹಲ್:
ಅಮ್ಮ ಕಳಿಸಿದ್ದನ್ನು ಬಿಸಾಡೋದು ಯಾಕ್ರೀ? ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಮೇಣ ಹೋಗುತ್ತದಲ್ಲ?

ತಂತಿಮಾಮ:
ಬಟ್ಟೆಗಾದರೆ ಸರಿ. ಇದು ಶ್ವಾಸಕೋಶಕ್ಕೆ ಹೋಗುವ ಸಂಗತಿ. ಸೋಡಾ ಪೂರ್ತಿ ಹೋಯಿತಾ ಅಂತ ಅಡುಗೆಮನೆಯಲ್ಲಿ ತಿಳಿಯುವುದು ಹೇಗೆ? ಬರೀ ನೀರಲ್ಲಿ ಕುದಿಸಿದರೆ ಮೇಣ ಸರಿಯಾಗಿ ಹೋಗುವುದಿಲ್ಲ. ಒಂದೆರಡು ಪೌಂಡ್ ಉಳಿಸಲು ಇಷ್ಟೆಲ್ಲಾ ಯಾಕೆ? ಸುಗಂಧ, ಲೋಷನ್ ಇಲ್ಲದ ನೂರಕ್ಕೆ ನೂರು ಹತ್ತಿಯ ಪೊಟ್ಟಣ ತನ್ನಿ. ಕೆಲವು ಪ್ಯಾಡ್‌ಗಳಲ್ಲಿ ಪಾಲಿಯೆಸ್ಟರ್ ಬೆರೆಸಿರುತ್ತಾರೆ, ಬಿಸಿಗೆ ಕರಗುತ್ತದೆ. ಲೇಬಲ್ ಓದಿ. ಅಮ್ಮ ಕಳಿಸಿದ ಹತ್ತಿ ದೇವರ ಮನೆಗೆ ಇರಲಿ.

ಲೆಸ್ಟರ್‌ವಾಸಿ:
ಅಮ್ಮನ ಹತ್ತಿ ಇನ್ನೂ ತೇಲುತ್ತಿದೆ! ಫಾರ್ಮಸಿಯದು ಬಿಟ್ಟ ತಕ್ಷಣ ಮುಳುಗಿತು. ಹೊಸ ಹತ್ತಿ ಹಾಕಿ 16 ವ್ಯಾಟ್‌ನಲ್ಲಿ ಎಳೆಯುತ್ತಿದ್ದೇನೆ. ಸುಟ್ಟ ರುಚಿ ಇಲ್ಲ, ಸೋರುವುದೂ ನಿಂತಿದೆ.

ಎರಡು ಚಿಕ್ಕ ಪ್ರಶ್ನೆ. ಹಳೇ ಕಾಯಿಲ್ ಕಪ್ಪಾಗಿದೆ, ಅದನ್ನೇ ಮತ್ತೆ ಬಳಸಬಹುದಾ? ಇನ್ನೊಂದು, ಹಬ್ಬಕ್ಕೆ ಊರಿಗೆ ಹೋಗುವಾಗ ಈ ಸೆಟ್ ತೆಗೆದುಕೊಂಡು ಹೋಗಬಹುದಾ?

ಕೋವೆಂಟ್ರಿ ಕಿಟ್ಟಿ:
ಎರಡನೆಯದಕ್ಕೆ ನಾನು ಹೇಳುತ್ತೇನೆ. ಬೇಡವೇ ಬೇಡ. 2019ರ ಕಾಯ್ದೆ ಪ್ರಕಾರ ಭಾರತದಲ್ಲಿ ಇ-ಸಿಗರೇಟು ತಯಾರಿ, ಆಮದು, ಮಾರಾಟ, ಸಾಗಣೆ ಎಲ್ಲ ನಿಷೇಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಏರ್‌ಪೋರ್ಟ್‌ನಲ್ಲಿ ವಾದ ಮಾಡುತ್ತಾ ನಿಲ್ಲುವ ಆಸೆ ಯಾಕೆ? ಊರಲ್ಲಿ ಇರುವಷ್ಟು ದಿನ ನಿಕೋಟಿನ್ ಗಮ್ ಜಗಿಯಿರಿ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅಲ್ಲಿ ಹೋಗಿ ಮತ್ತೆ ಸಿಗರೇಟು ಹಿಡಿಯಬೇಡಿ, ಅಷ್ಟೇ.

ತಂತಿಮಾಮ:
ಕಾಯಿಲ್ ಬಗ್ಗೆ. ಕಾಂತಲ್ ಆದ್ದರಿಂದ ಮತ್ತೆ ಬಳಸಬಹುದು. ಹತ್ತಿ ಪೂರ್ತಿ ತೆಗೆದು, ಟ್ಯಾಂಕ್ ಬಿಚ್ಚಿ, ಡೆಕ್ ಮಾತ್ರ ಮಾಡ್ ಮೇಲೆ ಕೂರಿಸಿ. 10 ವ್ಯಾಟ್‌ಗೆ ಇಟ್ಟು ಚುಟುಕಾಗಿ ಒತ್ತಿ ಬಿಡಿ, ಒತ್ತಿ ಬಿಡಿ. ಕಪ್ಪು ಉರಿದು ಬೂದಿಯಾಗುತ್ತದೆ. ತಣ್ಣಗಾದ ಮೇಲೆ ಡೆಕ್ಕನ್ನು ಮಾಡ್‌ನಿಂದ ಬಿಚ್ಚಿ, ನಲ್ಲಿ ಕೆಳಗೆ ಹಿಡಿದು ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಕಿಟಕಿ ತೆರೆದಿರಲಿ.

ಮತ್ತೆ ಬಿಸಿ ಮಾಡಿದಾಗ ಕೆಂಪು ನಡುವಿಂದ ಶುರುವಾಗಿ ಎರಡೂ ಕಡೆ ಹರಡಬೇಕು. ಒಂದು ಕಡೆ ಮಾತ್ರ ಕೆಂಪಾದರೆ ಬಟನ್ ಬಿಟ್ಟು, ಸೆರಾಮಿಕ್ ತುದಿಯ ಚಿಮಟದಿಂದ ಸುತ್ತುಗಳನ್ನು ಮೆಲ್ಲಗೆ ಸವರಿ, ಒಟ್ಟಿಗೆ ಒತ್ತಿ. ಬಟನ್ ಒತ್ತಿಕೊಂಡೇ ಸ್ಟೀಲ್ ಚಿಮಟ ತಾಗಿಸಿದರೆ ಶಾರ್ಟ್ ಆಗುತ್ತದೆ. ಕಾಲಿನ ಕಡೆಯೇ ಕೆಂಪಾಗುತ್ತಿದ್ದರೆ ಸ್ಕ್ರೂ ಇನ್ನೊಂದು ಚೂರು ಬಿಗಿ ಮಾಡಿ. ಮುಂದೆ ಟೈಟಾನಿಯಂ ಅಥವಾ ನಿಕ್ಕಲ್ ತಂತಿ ತಂದರೆ ಮಾತ್ರ ಹೀಗೆ ಒಣ ಉರಿಸಬೇಡಿ.

ಎರಡು ಮೂರು ಸಲ ಉರಿಸಿದ ಮೇಲೂ ಓಮ್ 0.82ರ ಹತ್ತಿರ ನಿಲ್ಲದಿದ್ದರೆ ಆ ಕಾಯಿಲ್ ತೆಗೆದು ಹೊಸದು ಸುತ್ತಿ. ಏಳೆಂಟು ಸೆಂಟಿಮೀಟರ್ ತಂತಿ, ಅಷ್ಟೇ.