ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ: 29 ವರ್ಷ 2 ತಿಂಗಳು ಸೇವೆ, ಅಪಾಯ ಭತ್ಯೆ, ಎಸ್.ಆರ್. (ಸೇವಾ ಪುಸ್ತಕ) ಲೋಪಗಳು

ಕಡತ_ವಿಭಾಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನಿವೃತ್ತರಾಗುವ ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ಕಡತಗಳನ್ನು ತಯಾರು ಮಾಡಬೇಕಿದೆ. ಪ್ರಮುಖ ಅಗ್ನಿಶಾಮಕರು, ಚಾಲಕರು, ಸಹಾಯಕ ಠಾಣಾಧಿಕಾರಿಗಳು ಇದ್ದಾರೆ. ಎಲ್ಲರೂ 1-4-2006ಕ್ಕಿಂತ ಮೊದಲು ಸೇರಿದವರು, ಹಳೇ ಪಿಂಚಣಿಯವರು. ಒಬ್ಬ ಚಾಲಕರಿಗೆ 40 ದಿನ ಅನಧಿಕೃತ ಗೈರು ಕಳೆದು ಲೆಕ್ಕಕ್ಕೆ ಸಿಗುವುದು 29 ವರ್ಷ 2 ತಿಂಗಳು. ಅವರಿಗೆ ಎಷ್ಟು ನಷ್ಟ? ಒಬ್ಬ ಸಹಾಯಕ ಠಾಣಾಧಿಕಾರಿಗೆ 32 ವರ್ಷ ತುಂಬಿದೆ. ಪೂರ್ತಿ ಪಿಂಚಣಿಗೆ 30 ಸಾಕು ಎಂದ ಮೇಲೆ ಉಳಿದ 2 ವರ್ಷ ನೀರಿಗೆ ಹೋಯಿತೇ? ಅಪಾಯ ಭತ್ಯೆಯನ್ನು ಪಿಂಚಣಿಗೆ ಸೇರಿಸಿ ಎಂದು ಸಂಘದಿಂದ ಮನವಿ ಕೊಡುವ ಮಾತೂ ಇದೆ. ಅದರಲ್ಲಿ ಏನು ಬರೆದರೆ ಪ್ರಯೋಜನ?

ಅರ್ಧವರ್ಷ:

ಮೊದಲು ಆ ಚಾಲಕರ ಕಡತ ಹಿಡಿಯಿರಿ ಸರ್, ಅಲ್ಲಿ ಹಣ ಇದೆ. ಸೇವೆ ಎಣಿಸುವುದು ಅರ್ಧ ವರ್ಷಗಳಲ್ಲಿ. ಉಳಿಕೆ 3 ತಿಂಗಳು ಅಥವಾ ಮೇಲ್ಪಟ್ಟಿದ್ದರೆ ಒಂದು ಅರ್ಧ ವರ್ಷ ಸಿಗುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಹೋಗುತ್ತದೆ. 29 ವರ್ಷ 2 ತಿಂಗಳು ಎಂದರೆ 58 ಅರ್ಧ ವರ್ಷ. ಆ 40 ದಿನ ಸೇರಿದರೆ 29 ವರ್ಷ 3 ತಿಂಗಳು ದಾಟಿ 59 ಆಗುತ್ತದೆ.

ಕೊನೆಯ ಮೂಲ ವೇತನ 72,000 ಎಂದು ಇಟ್ಟುಕೊಳ್ಳಿ. ಅದರ ಅರ್ಧ 36,000. ಅದನ್ನು 58ರಿಂದ ಗುಣಿಸಿ 60ರಿಂದ (ಪೂರ್ತಿ ಪಿಂಚಣಿಯ 30 ವರ್ಷಕ್ಕೆ 60 ಅರ್ಧ ವರ್ಷ) ಭಾಗಿಸಿದರೆ 34,800, 59ಕ್ಕೆ 35,400. ತಿಂಗಳಿಗೆ 600 ರೂಪಾಯಿ ವ್ಯತ್ಯಾಸ, ಅದರ ಮೇಲೆ ತುಟ್ಟಿಭತ್ಯೆ ಬೇರೆ, ಅದೂ ಜೀವಮಾನವಿಡೀ. ಪರಿವರ್ತನೆ ಮೊತ್ತವೂ (ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಒಂದೇ ಸಲಕ್ಕೆ ಪಡೆಯುವ ಹಣ) ಇದೇ ಅಂಕಿಯ ಮೂರನೇ ಒಂದು ಭಾಗದ ಮೇಲೆ ನಿಲ್ಲುವುದರಿಂದ ಅಲ್ಲೂ ಏರುತ್ತದೆ.

ಆ ಗೈರನ್ನು ಯಾರು, ಯಾವ ಆದೇಶದಲ್ಲಿ, ಹೇಗೆ ಪರಿಗಣಿಸಿದ್ದಾರೆ ನೋಡಿ. ಎಷ್ಟೋ ಎಸ್.ಆರ್.ಗಳಲ್ಲಿ ‘ಗೈರುಹಾಜರಿ 40 ದಿನ’ ಎಂದು ಕೆಂಪು ಶಾಯಿಯಲ್ಲಿ ಒಂದು ಸಾಲು ಇರುತ್ತದೆ, ಕೆಳಗೆ ಸಹಿ ಇರುತ್ತದೆ, ಆದೇಶದ ಸಂಖ್ಯೆಯೇ ಇರುವುದಿಲ್ಲ. ಅಂಥದ್ದಾದರೆ ಆ ಅವಧಿಯ ವೈದ್ಯಕೀಯ ಪ್ರಮಾಣಪತ್ರ, ಆಗ ಕೊಟ್ಟ ರಜೆ ಅರ್ಜಿ ಹುಡುಕಿ, ಲೆಕ್ಕದಲ್ಲಿರುವ ರಜೆಗೆ ಹೊಂದಿಸಿ ಸಕ್ರಮಗೊಳಿಸುವಂತೆ ಸಕ್ಷಮ ಪ್ರಾಧಿಕಾರಕ್ಕೆ ಪ್ರಸ್ತಾವ ಕಳಿಸಿ. ನೌಕರರು ಸೇವೆಯಲ್ಲಿರುವಾಗಲೇ ಆದೇಶ ಆಗಬೇಕು. ಸೇವಾವಧಿಗೆ ಲೆಕ್ಕವಿಲ್ಲ ಎಂದು ಆಗಲೇ ಸ್ಪಷ್ಟ ಆದೇಶ ಆಗಿದ್ದರೆ ದಾರಿ ಬಲು ಕಿರಿದು.

32 ವರ್ಷದವರದು ನೀರಿಗೆ ಹೋಗಿಲ್ಲ. ಪಿಂಚಣಿ 30ಕ್ಕೆ ನಿಂತರೂ ಉಪದಾನ (ಗ್ರಾಚ್ಯುಟಿ) ನಿಲ್ಲುವುದಿಲ್ಲ. ಪ್ರತಿ ಅರ್ಧ ವರ್ಷಕ್ಕೆ ಕೊನೆಯ ವೇತನದ ಕಾಲು ಭಾಗ, ಗರಿಷ್ಠ 16.5 ಪಟ್ಟು, 32 ವರ್ಷಕ್ಕೆ 16 ಪಟ್ಟು ಬರುತ್ತದೆ. ರೂಪಾಯಿ ಲೆಕ್ಕದ ಗರಿಷ್ಠ ಮಿತಿಯೂ ಇರುವುದನ್ನು ಮಾತ್ರ ಅವರಿಗೆ ಮೊದಲೇ ಹೇಳಿಬಿಡಿ.

ಎಸ್‌ಆರ್_ಪುಟ:

ಮೇಲಿನ ಲೆಕ್ಕ ಸರಿ. ಆದರೆ ಅಗ್ನಿಶಾಮಕ ಕಡತಗಳು ಎ.ಜಿ. (ಮಹಾಲೇಖಪಾಲರ) ಕಚೇರಿಯಿಂದ ಆಕ್ಷೇಪಣೆ ಹೊತ್ತು ವಾಪಸ್ ಬರಲು ಮುಖ್ಯ ಕಾರಣ ಠಾಣೆಯಿಂದ ಠಾಣೆಗೆ ಆಗುವ ವರ್ಗಾವಣೆ. ವರ್ಷವರ್ಷದ ಸೇವಾ ಪರಿಶೀಲನೆ ನಮೂದು ಒಂದು ಠಾಣೆಯಲ್ಲಿ ನಿಂತಿರುತ್ತದೆ, ಮುಂದಿನ ಠಾಣೆಯಲ್ಲಿ ಎರಡು ವರ್ಷ ಬಿಟ್ಟು ಶುರುವಾಗಿರುತ್ತದೆ. ನಡುವಿನ ಅವಧಿಗೆ ಹಳೇ ಡಿಡಿಒ (ವೇತನ ಬಟವಾಡೆ ಅಧಿಕಾರಿ) ಕಚೇರಿಯ ವೇತನ ಬಿಲ್ಲುಗಳ ಆಧಾರದ ಮೇಲೆ ದೃಢೀಕರಣ ತರಿಸಬೇಕು. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಈಗಲೇ ಪತ್ರ ಬರೆಯಿರಿ. ನೇಮಕಾತಿ ಆದೇಶದ ನಂತರ ಪಡೆದ ತರಬೇತಿಯ ಅವಧಿ, ಅಮಾನತಿನ ಅವಧಿಯನ್ನು ಹೇಗೆ ಪರಿಗಣಿಸಿದ್ದು ಎಂಬ ಅಂತಿಮ ಆದೇಶ, ಇವೆರಡೂ ಪುಟದಲ್ಲಿ ಕಾಣಬೇಕು.

10 ವರ್ಷದ ಕಾಲಮಿತಿ ಬಡ್ತಿ, 15 ವರ್ಷದ ಸ್ವಯಂಚಾಲಿತ ಬಡ್ತಿ, ಬಳಿಕ 20, 25, 30 ವರ್ಷಗಳ ವಿಶೇಷ ವೇತನ ಬಡ್ತಿ: ಇವುಗಳನ್ನೂ ಒಂದೊಂದಾಗಿ ತಾಳೆ ನೋಡಿ. ಅದೇ ಹುದ್ದೆಯಲ್ಲಿ ಉಳಿದ ಚಾಲಕರಿಗೆ ಇವು ತಪ್ಪಿಹೋಗಿರುವುದು ಹೆಚ್ಚು. ಷರತ್ತುಗಳು ಒಂದಕ್ಕೊಂದು ಬೇರೆ. ಅರ್ಹತೆ ಇದ್ದೂ ಒಂದು ಬಿಟ್ಟಿದ್ದರೆ ಕೊನೆಯ ಮೂಲ ವೇತನವೇ ಕಡಿಮೆ ನಿಗದಿಯಾಗಿರುತ್ತದೆ, ಪಿಂಚಣಿ, ಉಪದಾನ, 300 ದಿನಗಳವರೆಗಿನ ಗಳಿಕೆ ರಜೆ ನಗದೀಕರಣ ಎಲ್ಲವೂ ಅದರ ಜೊತೆಗೇ ಇಳಿಯುತ್ತವೆ.

ವಸತಿಗೃಹದಲ್ಲಿರುವವರಿಗೆ ನೀರು, ವಿದ್ಯುತ್ ಬಾಕಿ ತೀರಿಸಿದ ಬೇಬಾಕಿ ಪತ್ರ ಬೇಕು. ಅದು ಇಲ್ಲದೆ ಉಪದಾನ ಸಿಕ್ಕಿಹಾಕಿಕೊಳ್ಳುತ್ತದೆ.

ಜೂನ್_30:

ನಿವೃತ್ತಿ ದಿನಾಂಕಗಳನ್ನೂ ನೋಡಿ. ವಾರ್ಷಿಕ ವೇತನ ಬಡ್ತಿ ಜನವರಿ 1 ಅಥವಾ ಜುಲೈ 1ಕ್ಕೆ. ಜೂನ್ 30 ಅಥವಾ ಡಿಸೆಂಬರ್ 31ಕ್ಕೆ ನಿವೃತ್ತರಾಗುವವರು ವರ್ಷಪೂರ್ತಿ ದುಡಿದೂ ಒಂದೇ ದಿನದಲ್ಲಿ ಬಡ್ತಿ ಕಳೆದುಕೊಳ್ಳುತ್ತಿದ್ದರು. ನಮ್ಮ ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 11-4-2023ರಂದು, ದುಡಿದು ಗಳಿಸಿದ ಆ ಬಡ್ತಿಗೆ ನೌಕರ ಹಕ್ಕುದಾರ ಎಂದು ತೀರ್ಪು ಕೊಟ್ಟಿದೆ. ಅಂಥವರಿಂದ ತೀರ್ಪಿನ ಪ್ರತಿಯೊಂದಿಗೆ ಲಿಖಿತ ಮನವಿ ಪಡೆದು, ಸ್ವೀಕೃತಿ ಕೊಟ್ಟು, ಕಡತದಲ್ಲಿ ಇಡಿ.

2006ರ ಏಪ್ರಿಲ್ ನಂತರ ಸೇರಿದವರೂ ನಿಮ್ಮ ಕಚೇರಿಯಲ್ಲಿದ್ದರೆ ಇನ್ನೊಂದು ಮಾತು. ನೇಮಕಾತಿ ಅಧಿಸೂಚನೆ 1-4-2006ಕ್ಕಿಂತ ಮೊದಲು ಹೊರಟು, ಆಮೇಲೆ ಸೇವೆಗೆ ಸೇರಿದವರನ್ನು ಹಳೇ ಪಿಂಚಣಿಗೆ ತರುವ ಆದೇಶ 2024ರ ಜನವರಿಯಲ್ಲಿ ಆಗಿದೆ. ಅಲ್ಲಿ ನೋಡುವುದು ಅಧಿಸೂಚನೆಯ ದಿನಾಂಕವನ್ನು.

ಕಡತ_ವಿಭಾಗ:

ಚಾಲಕರ 40 ದಿನಕ್ಕೆ ಆದೇಶದ ಸಂಖ್ಯೆ ಇಲ್ಲ, ಈಗ ನೋಡಿದೆ. ಪ್ರಸ್ತಾವ ಬರೆಯುತ್ತೇನೆ. ಭತ್ಯೆಯ ವಿಚಾರ ಯಾರಾದರೂ ಹೇಳಿ.

ಅರ್ಧವರ್ಷ:

ಅಪಾಯ ಭತ್ಯೆ ಈಗ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲ, ಮೂಲ ವೇತನ ಮಾತ್ರ ಬರುತ್ತದೆ. 30 ವರ್ಷ ಹೊಗೆ ಕುಡಿದವರಿಗೆ ಇದು ಅನ್ಯಾಯ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ‘ಭತ್ಯೆಯನ್ನು ಪಿಂಚಣಿಗೆ ಸೇರಿಸಿ’ ಎಂದಷ್ಟೇ ಬರೆದರೆ, ಬೇರೆ ಇಲಾಖೆಯವರೂ ಕೇಳುತ್ತಾರೆ ಎಂದು ಆರ್ಥಿಕ ಇಲಾಖೆ ಹಿಂದಿರುಗಿಸುವ ಸಂಭವವೇ ಹೆಚ್ಚು. 25 ವರ್ಷ ಠಾಣಾ ಕರ್ತವ್ಯ ಮಾಡಿದವರಿಗೆ ಮಾತ್ರ, ಭತ್ಯೆಯ ಒಂದು ಭಾಗವನ್ನು ಪಿಂಚಣಿಗೆ ಪರಿಗಣಿಸುವ ವೈಯಕ್ತಿಕ ವೇತನವಾಗಿ ಮಾಡಿ ಎಂದು ಕೇಳಿ. ಜೊತೆಗೆ ಹುದ್ದೆವಾರು ಎಷ್ಟು ಮಂದಿ, ಮುಂದಿನ 5 ವರ್ಷ ಪ್ರತಿ ವರ್ಷ ಎಷ್ಟು ನಿವೃತ್ತಿ, ತಲಾ ಎಷ್ಟು ಹೊರೆ ಎಂಬ ಪಟ್ಟಿ ಲಗತ್ತಿಸಿ. ಅಂಕಿ ಇಲ್ಲದ ಮನವಿಗೆ ಟಿಪ್ಪಣಿ ಬರೆಯಲು ಅಲ್ಲಿನವರಿಗೂ ಏನೂ ಸಿಗುವುದಿಲ್ಲ.

ಎಸ್‌ಆರ್_ಪುಟ:

ಒಂದು ಸೇರಿಸುತ್ತೇನೆ. ಕರ್ತವ್ಯದಲ್ಲಿ ಗಾಯವಾದವರು, ಹೊಗೆಯಿಂದ ಶ್ವಾಸಕೋಶ ಕೆಟ್ಟವರು ಇದ್ದರೆ ಅಸಾಧಾರಣ ಪಿಂಚಣಿಯ (ಕರ್ತವ್ಯದಿಂದಾದ ಗಾಯ, ಕಾಯಿಲೆಗೆ ಕೊಡುವ ಪಿಂಚಣಿ) ಪ್ರಶ್ನೆ ಬರುತ್ತದೆ. ಗಾಯಕ್ಕೂ ಕರ್ತವ್ಯಕ್ಕೂ ನಂಟು ತೋರಿಸುವುದು ಅಂದಿನ ಠಾಣಾ ದಿನಚರಿ: ಕರೆ ಬಂದ ಸಮಯ, ವಾಹನ ಹೊರಟ ಸಮಯ, ಸಿಬ್ಬಂದಿಯ ಹೆಸರು, ಆಸ್ಪತ್ರೆಗೆ ಕಳಿಸಿದ ನಮೂದು. ಹಳೇ ದಿನಚರಿಗಳನ್ನು ನಾಶಪಡಿಸುವ ಪಟ್ಟಿಗೆ ಸೇರಿಸುವ ಮುನ್ನ ಆ ಪುಟಗಳ ದೃಢೀಕೃತ ನಕಲು ತೆಗೆದು ಎಸ್.ಆರ್.ಗೆ ಲಗತ್ತಿಸಿ.