ಹುಳಿ ಬಂದ ಹಿಟ್ಟಿನಲ್ಲಿ ಶಕ್ತಿ ಉಳಿದಿರುತ್ತಾ? ನಮ್ಮ ಮನೆಮಂದಿ ಗುಂಪಿನ ಚರ್ಚೆ

ತೀರ್ಥಹಳ್ಳಿ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ರಾತ್ರಿಯಿಡೀ ಹುಳಿ ಬರಿಸಿದ ಇಡ್ಲಿ, ದೋಸೆ ಹಿಟ್ಟು ಕೊಳೆತ ಆಹಾರ. ಅದರ ಶಕ್ತಿಯನ್ನೆಲ್ಲ ಬ್ಯಾಕ್ಟೀರಿಯಾ ತಿಂದು ಮುಗಿಸಿರುತ್ತವೆ. ನಿಮಗೆ ಸಿಗುವುದು ಬರೀ ಆಮ್ಲ ಮತ್ತು ಆಲ್ಕೋಹಾಲ್. ಮಕ್ಕಳಿಗೆ ಕೊಡಬೇಡಿ. ಹತ್ತು ಜನರಿಗೆ ಕಳಿಸಿ.

ತೀರ್ಥಹಳ್ಳಿ ಚಿಕ್ಕಪ್ಪ: ಎಲ್ಲರೂ ಓದಿ. ನಾಳೆಯಿಂದ ನಮ್ಮನೇಲಿ ನೀರುದೋಸೆ, ಉಂಡೆಗಡುಬು ಮಾತ್ರ.

ಸಾಗರದ ಅತ್ತೆ: ಎಂತ ಮಾರಾಯ ಇದು. ಈ ಮಳೇಲಿ ಹಿಟ್ಟು ಉಬ್ಬಲಿ ಅಂತ ಬಚ್ಚಲ ಒಲೆ ಪಕ್ಕ ಪಾತ್ರೆ ಇಟ್ಟು ಕಾಯ್ತಾ ಇದೀನಿ, ಈಗ ಇದನ್ನ ಕಳಿಸ್ತೀಯಲ್ಲ.

ನಾನು: ಚಿಕ್ಕಪ್ಪ, ಇದರಲ್ಲಿರೋ ಮುಖ್ಯ ಮಾತೇ ಸುಳ್ಳು. ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ.

ತೀರ್ಥಹಳ್ಳಿ ಚಿಕ್ಕಪ್ಪ: ಪುಟ್ಟಿ, ನೀನು ಶಿವಮೊಗ್ಗದಲ್ಲಿ ಜೀವಶಾಸ್ತ್ರ ಪಾಠ ಮಾಡ್ತೀಯ, ಒಪ್ಪಿದೆ. ಆದ್ರೆ ಕೋಟಿಗಟ್ಟಲೆ ಜೀವಿ ರಾತ್ರಿಯಿಡೀ ತಿಂದ ಮೇಲೆ ನಮಗೆ ಉಳಿಯೋದು ಎಂತ? ಅಷ್ಟು ಹೇಳು ಸಾಕು.

ನಾನು: ಹೇಳ್ತೀನಿ. ಅವು ತಿನ್ನೋದು ನಿಜ, ಆದ್ರೆ ತಿಂದದ್ದರಿಂದ ತಗೊಳ್ಳೋ ಶಕ್ತಿ ತೀರಾ ಕಡಿಮೆ. ನಮ್ಮ ಜೀವಕೋಶ ಗ್ಲೂಕೋಸಿನ ಒಂದು ಅಣುವನ್ನ ಆಮ್ಲಜನಕ ಬಳಸಿ ಪೂರ್ತಿ ಒಡೆದ್ರೆ ಸುಮಾರು 30 ಎಟಿಪಿ ಆಗತ್ತೆ. ಜೀವಕೋಶ ತನ್ನ ಎಲ್ಲ ಕೆಲಸಕ್ಕೂ ಖರ್ಚು ಮಾಡೋದು ಈ ಎಟಿಪಿಯನ್ನೇ. ಹಿಟ್ಟಿನಲ್ಲಿರೋ ಬ್ಯಾಕ್ಟೀರಿಯಾ ಹಾಗೆ ಉಸಿರಾಡೋ ಜಾತಿಯಲ್ಲ. ಅವಕ್ಕೆ ಅಷ್ಟೇ ಗ್ಲೂಕೋಸಿನಿಂದ ಸಿಗೋದು ಒಂದೋ ಎರಡೋ.

ಕಾರಣ ಇದು. ಸಕ್ಕರೆ ಒಡೆಯುವಾಗ ಅದರ ಎಲೆಕ್ಟ್ರಾನುಗಳನ್ನ ಎನ್‌ಎಡಿ ಅನ್ನೋ ಅಣು ಹೊತ್ತುಕೊಳ್ಳತ್ತೆ. ಅದನ್ನ ಎಲ್ಲಾದ್ರೂ ಇಳಿಸದಿದ್ರೆ ಮುಂದಿನ ಸಕ್ಕರೆ ಒಡೆಯೋಕಾಗಲ್ಲ. ನಮ್ಮಲ್ಲಿ ಆ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯ ಅನ್ನೋ ಜೀವಕೋಶದ ಪುಟ್ಟ ಭಾಗದೊಳಗೆ ಹಂತ ಹಂತವಾಗಿ ಆಮ್ಲಜನಕ ಸೇರ್ತಾವೆ, ಎಟಿಪಿಯ ದೊಡ್ಡ ಪಾಲು ಹುಟ್ಟೋದೇ ಆ ದಾರೀಲಿ. ಹಿಟ್ಟಿನ ಬ್ಯಾಕ್ಟೀರಿಯಾ ಅವನ್ನ ಒಡೆದ ಸಕ್ಕರೆಯ ತುಂಡಿಗೇ ವಾಪಸ್ ಕೊಟ್ಟು, ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಬಿಡ್ತಾವೆ. ಶಕ್ತಿ ಆ ಆಮ್ಲದೊಳಗೇ ಇರತ್ತೆ.

ಮೊಸರಿನ ಲೆಕ್ಕ ತಗೊಳ್ಳಿ. 180 ಗ್ರಾಂ ಗ್ಲೂಕೋಸಿನಿಂದ 180 ಗ್ರಾಂ ಲ್ಯಾಕ್ಟಿಕ್ ಆಮ್ಲ ಆಗತ್ತೆ, ಒಂದು ಪರಮಾಣುವೂ ಹೆಚ್ಚಿಲ್ಲ ಕಡಿಮೆಯಿಲ್ಲ. ಸುಟ್ಟು ಅಳೆದ್ರೆ ಗ್ಲೂಕೋಸಿನಿಂದ ಬರೋದು ಸುಮಾರು 670 ಕಿಲೋಕ್ಯಾಲೊರಿ, ಆ ಆಮ್ಲದಿಂದ ಸುಮಾರು 640. ಇನ್ನು ಇಡ್ಲಿ ಹಿಟ್ಟಲ್ಲಿ ಅಕ್ಕಿಯ ಪಿಷ್ಟ ಬಹುಪಾಲು ಹಾಗೇ ಉಳಿಯತ್ತೆ. ಅವು ಮೊದಲು ಬಾಯಿ ಹಾಕೋದು ಬಿಡಿ ಸಕ್ಕರೆಗೆ.

ಸಾಗರದ ಅತ್ತೆ: ಮೊಸರು ಅಂದ್ಯಲ್ಲ, ಮೊಸರು ಉಬ್ಬಲ್ಲ, ಹಿಟ್ಟು ಉಬ್ಬತ್ತೆ. ಎರಡೂ ಹುಳಿನೇ. ಅದ್ಯಾಕೆ?

ನಾನು: ಒಳ್ಳೇ ಪ್ರಶ್ನೆ ಅತ್ತೆ. ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆಯನ್ನ ಹೆಚ್ಚುಕಡಿಮೆ ಪೂರ್ತಿ ಲ್ಯಾಕ್ಟಿಕ್ ಆಮ್ಲಕ್ಕೇ ತಿರುಗಿಸ್ತಾವೆ, ಗ್ಯಾಸ್ ಬರಲ್ಲ. ಇಡ್ಲಿ ಹಿಟ್ಟು ಉಬ್ಬಿಸೋದ್ರಲ್ಲಿ ಮುಖ್ಯವಾದದ್ದು ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ. ಅದು ಅಕ್ಕಿ, ಉದ್ದಿನಬೇಳೆ ಜೊತೇಲೇ ಬಂದಿರತ್ತೆ. ಅದರ ದಾರಿ ಬೇರೆ, ಆಮ್ಲದ ಜೊತೆ ಇಂಗಾಲದ ಡೈಆಕ್ಸೈಡ್, ಸ್ವಲ್ಪ ಆಲ್ಕೋಹಾಲ್ ಕೂಡ ಬಿಡತ್ತೆ. ಉದ್ದಿನ ಲೋಳೆ ಆ ಗ್ಯಾಸನ್ನ ಹಿಡಿದಿಟ್ಟುಕೊಳ್ಳತ್ತೆ. ಬೆಳಿಗ್ಗೆ ಹಿಟ್ಟಿಗೆ ಸೌಟು ಹಾಕಿದಾಗ ಒಳಗೆಲ್ಲ ಸಣ್ಣ ತೂತು ತೂತು ಕಾಣಲ್ವಾ, ಅದೇ.

ತೀರ್ಥಹಳ್ಳಿ ಚಿಕ್ಕಪ್ಪ: ನೋಡು, ಆಲ್ಕೋಹಾಲ್ ಇದೆ ಅಂತ ನೀನೇ ಹೇಳ್ದೆ. ಬೈನೆ ಕಳ್ಳಿಗೂ ಇದಕ್ಕೂ ಏನು ಫರಕು?

ನಾನು: ಕಳ್ಳಲ್ಲಿ ಬರೀ ಸಿಹಿ ರಸ, ಅದನ್ನ ಹಿಡಿಯೋದು ಮುಖ್ಯವಾಗಿ ಯೀಸ್ಟ್. ಹಿಟ್ಟಲ್ಲಿ ಆಗೋದು ಅತ್ಯಲ್ಪ, ಅದರಲ್ಲೂ ಹೆಚ್ಚಿನದು ಹಬೇಲಿ ಹೋಗತ್ತೆ. ಮಗುವಿಗೆ ಇಡ್ಲಿ ತಪ್ಪಿಸೋಕೆ ಅದು ಕಾರಣವೇ ಅಲ್ಲ.

ಹೊಸನಗರ ಭಾವ: ನಂದೊಂದು. ನಮ್ಮ ಗೋಬರ್ ಗ್ಯಾಸ್ ಗುಂಡಿಯೊಳಗೂ ಗಾಳಿ ಇಲ್ಲ. ಅಲ್ಲಿ ನಡೆಯೋದೂ ಇದೇನಾ?

ನಾನು: ಹೌದು ಭಾವ, ಇದಕ್ಕಿಂತ ಒಳ್ಳೇ ಸಾಕ್ಷಿ ಬೇಡ. ಸಗಣಿ ಅಂದ್ರೆ ಹಸು ತಿಂದು ಬಿಟ್ಟದ್ದು. ಅದನ್ನ ಗುಂಡಿಯೊಳಗೆ ಒಂದು ಜಾತಿ ಬ್ಯಾಕ್ಟೀರಿಯಾ ಒಡೆದು ಆಮ್ಲ ಮಾಡತ್ತೆ, ಆ ಆಮ್ಲದಿಂದ ಇನ್ನೊಂದು ಗುಂಪಿನ ಸೂಕ್ಷ್ಮಜೀವಿ ಮೀಥೇನ್ ಮಾಡತ್ತೆ. ಎಷ್ಟು ಕೈ ದಾಟಿ ಬಂದಿದೆ ನೋಡಿ. ಆದ್ರೂ ನಿಮ್ಮನೆ ಒಲೇಲಿ ನೀಲಿ ಜ್ವಾಲೆ ಉರಿಯತ್ತೆ, ಅದರಲ್ಲಿ ಅನ್ನ ಬೇಯತ್ತೆ. ಗಾಳಿಯಿಲ್ಲದ ಕಡೆ ಬದುಕೋ ಜೀವಿ ಶಕ್ತಿಯನ್ನೆಲ್ಲ ಮುಗಿಸೋದಾದ್ರೆ ಆ ಒಲೆ ಹೊತ್ತುತ್ತಲೇ ಇರ್ಲಿಲ್ಲ.

ಹೊಸನಗರ ಭಾವ: ರಸಮೇವೂ ಹಾಗೇ ಅಲ್ವಾ? ಹಸಿ ಮೇವನ್ನ ಗಾಳಿ ಹೋಗದ ಹಾಗೆ ತುಳಿದು ಮುಚ್ತೀವಿ. ಹುಳಿ ವಾಸನೆ ಬರತ್ತೆ, ದನ ಬಿಡದೆ ತಿಂತಾವೆ.

ನಾನು: ಅದೇ ಲ್ಯಾಕ್ಟಿಕ್ ಆಮ್ಲ ಭಾವ. ಮೇವಿನ ಶಕ್ತಿ ಉಳಿಸೋಕೆ ಅಂತಲೇ ಮಾಡೋದು.

ಮತ್ತೆ ಚಿಕ್ಕಪ್ಪ, ‘ಬರೀ ಆಮ್ಲ’ ಅಂತ ಬರೆದಿದ್ದಾರಲ್ಲ, ನಿಮ್ಮ ಕೊಟ್ಟಿಗೇಲಿ ಹಸು ಮೆಲುಕು ಹಾಕ್ತಾ ನಿಂತಿರತ್ತೆ ಅಲ್ವಾ, ಅದು ಬದುಕೋದೇ ಆಮ್ಲದ ಮೇಲೆ. ಹುಲ್ಲನ್ನ ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲ ಬಿಡ್ತಾವೆ. ಹಸುವಿಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಅವುಗಳಿಂದಲೇ. ಹಾಲಿನ ಕೊಬ್ಬಿನ ದೊಡ್ಡ ಪಾಲಿಗೂ ಅದೇ ಮೂಲ.

ಬೆಂಗಳೂರಿನ ತಮ್ಮ: ಅಕ್ಕ, ಕೊಡಚಾದ್ರಿ ಹತ್ತಿ ಬಂದ ಮೇಲೆ ಮಾರನೇ ದಿನ ಕಾಲು ನೋಯೋದು ಇದೇ ಲ್ಯಾಕ್ಟಿಕ್ ಆಮ್ಲದಿಂದ ಅಂತಾರೆ. ಹಾಗಾದ್ರೆ ಅದು ವಿಷ ತಾನೆ?

ನಾನು: ಅಲ್ಲ. ಏರು ಹತ್ತುವಾಗ ನಿನ್ನ ಸ್ನಾಯು ಆತುರದಲ್ಲಿ ಲ್ಯಾಕ್ಟೇಟ್, ಅಂದ್ರೆ ಲ್ಯಾಕ್ಟಿಕ್ ಆಮ್ಲದ್ದೇ ಒಂದು ರೂಪ, ಮಾಡೋದು ನಿಜ. ಆದ್ರೆ ಸುಧಾರಿಸಿಕೊಂಡ ಒಂದೆರಡು ಗಂಟೇಲಿ ಅದು ಮೊದಲಿನ ಮಟ್ಟಕ್ಕೆ ಬಂದಿರತ್ತೆ. ಹೃದಯ ಅದನ್ನೇ ಇಂಧನವಾಗಿ ಉರಿಸತ್ತೆ, ಯಕೃತ್ತು ಅದನ್ನ ಮತ್ತೆ ಗ್ಲೂಕೋಸ್ ಮಾಡತ್ತೆ. ಈ ಚಕ್ರಕ್ಕೆ ಕೋರಿ ದಂಪತಿಗಳ ಹೆಸರಿದೆ, ಅವರಿಗೆ 1947ರಲ್ಲಿ ನೊಬೆಲ್ ಬಂತು. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು.

ತೀರ್ಥಹಳ್ಳಿ ಚಿಕ್ಕಪ್ಪ: ಸರಿ, ಶಕ್ತಿ ವಿಷಯ ಬಿಡು. ಕೊಳೆಯೋದಕ್ಕೂ ಹುಳಿ ಬರೋದಕ್ಕೂ ವ್ಯತ್ಯಾಸ ಹೇಳು. ಎರಡೂ ಸೂಕ್ಷ್ಮಜೀವಿ ಕೆಲಸವೇ.

ನಾನು: ಈ ಮಾತಲ್ಲಿ ಹುರುಳಿದೆ ಚಿಕ್ಕಪ್ಪ. ವ್ಯತ್ಯಾಸ ಇರೋದು ಯಾರು ಮೊದಲು ಮೇಲುಗೈ ಸಾಧಿಸ್ತಾರೆ, ಏನು ಬಿಟ್ಟು ಹೋಗ್ತಾರೆ ಅನ್ನೋದ್ರಲ್ಲಿ. ಹಿಟ್ಟಿನಲ್ಲಿ ಆಮ್ಲ ಏರಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 4.5ಕ್ಕೆ ಇಳಿಯತ್ತೆ, ಆ ಹುಳಿಯಲ್ಲಿ ಕೊಳೆಸೋ ಜಾತಿಗಳಲ್ಲಿ ಹೆಚ್ಚಿನವು ಬೆಳೆಯೋಕಾಗಲ್ಲ. ಉದ್ದಿನಲ್ಲಿ ಹೊಟ್ಟೆ ಉಬ್ಬರಿಸೋ ಸಕ್ಕರೆಗಳೂ ಕಡಿಮೆ ಆಗ್ತಾವೆ. ಹಾಗಂತ ಹಿಟ್ಟಿನ ಮೇಲೆ ಬೂಷ್ಟು ಬಂದ್ರೆ, ಗುಲಾಬಿ ಬಣ್ಣ ಕಂಡ್ರೆ, ನಾರಿದ್ರೆ ಪೂರ್ತಿ ಚೆಲ್ಲಬೇಕು, ಮೇಲಿನದಷ್ಟೇ ತೆಗೆದು ಹಾಕಿದ್ರೆ ಸಾಲದು.

ಸಾಗರದ ಅತ್ತೆ: ನಮ್ದು ಉಬ್ಬಿ ಮುಚ್ಚಳ ಎತ್ತಿದೆ. ಬೆಳಿಗ್ಗೆ ಮಕ್ಕಳಿಗೆ ಇಡ್ಲಿನೇ.

ತೀರ್ಥಹಳ್ಳಿ ಚಿಕ್ಕಪ್ಪ: ಹಸು ಮಾತು ನಂಗೆ ಹೊಸದು. ನಾಳೆ ಡೈರಿಗೆ ಪಶುವೈದ್ಯರು ಬರ್ತಾರೆ, ಕೇಳ್ತೀನಿ. ಅವರೂ ಹೌದು ಅಂದ್ರೆ ಕಳಿಸಿದ ಕಡೆಗೆಲ್ಲ ತಪ್ಪು ಅಂತ ಬರೀತೀನಿ.

ನಾನು: ಕೇಳಿ ಚಿಕ್ಕಪ್ಪ. ಹಸುವಿನ ಆ ಮೊದಲ ಹೊಟ್ಟೆಗೆ ರೂಮೆನ್ ಅಂತಾರೆ, ಹಾಗಂತಲೇ ಹೇಳಿ ಕೇಳಿ. ಅಲ್ಲೀತನಕ ಆ ಸಂದೇಶ ಇನ್ನೊಬ್ಬರಿಗೆ ಹೋಗೋದು ಬೇಡ.