ಕಾಸರಗೋಡಿನಲ್ಲಿ ರಾಟ್‌ವೀಲರ್ ಸಾಕಬಹುದೇ? ಅನುಭವವಿದ್ದವರು ತಿಳಿಸಿ

ಬದಿಯಡ್ಕದಿಂದ ಪ್ರಶ್ನೆ: ಮಂಗಳೂರಿನ ಸ್ನೇಹಿತರೊಬ್ಬರು ರಾಟ್‌ವೀಲರ್ ನಾಯಿಮರಿಯೊಂದನ್ನು ಕೊಡುತ್ತೇನೆಂದಿದ್ದಾರೆ. ಆ ತಳಿಗೆ ನಿಷೇಧವಿದೆಯೆಂದು ಮನೆಯವರು ಹೆದರುತ್ತಿದ್ದಾರೆ. ತಲಪಾಡಿಯಲ್ಲಿ ಕೇರಳದ ಗಡಿ ದಾಟಿಸಿ ತಂದರೆ ತೊಂದರೆಯಾದೀತೇ?

ಪೈವಳಿಕೆಯಿಂದ: ನಿಮ್ಮ ಮನೆಯವರ ಹೆದರಿಕೆಗೆ ಮೂಲವಿದೆ. ಕೇಂದ್ರದ ಪಶುಸಂಗೋಪನಾ ಇಲಾಖೆಯು 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರ ಬರೆದು, ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ ಮೊದಲಾದ 23 ತಳಿಗಳ ಮಾರಾಟಕ್ಕೂ ಸಂತಾನಾಭಿವೃದ್ಧಿಗೂ ಪರವಾನಗಿ ಕೊಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ತಿಳಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ಏಪ್ರಿಲ್ 10ರಂದು ರದ್ದುಪಡಿಸಿತು. ಕ್ರಮಬದ್ಧವಾಗಿ ಸಮಾಲೋಚಿಸಿ ಹೊಸ ನಿಯಮ ತರುವ ದಾರಿಯನ್ನು ಮಾತ್ರ ಅದು ಮುಚ್ಚಲಿಲ್ಲ. ಆದ್ದರಿಂದ ಮರಿಯನ್ನು ತರುವ ಮೊದಲೇ ನಿಮ್ಮ ಪಂಚಾಯತು ಕಚೇರಿಯಲ್ಲಿ ಈಗಿನ ಸ್ಥಿತಿಯನ್ನು ವಿಚಾರಿಸಿ.

ತಳಿಯ ಪಟ್ಟಿಯ ಗದ್ದಲದಲ್ಲಿ ನಮ್ಮವರು ಮರೆಯುವ ಸಂಗತಿ ಬೇರೆಯೇ ಇದೆ. ಕೇರಳದಲ್ಲಿ 1998ರ ನಿಯಮದಂತೆ ನಾಯಿ ಯಾವ ತಳಿಯದ್ದಾದರೂ, ಊರ ನಾಯಿಯೇ ಆದರೂ, ಪಂಚಾಯತಿನ ಪರವಾನಗಿ ಬೇಕು. ಅದಕ್ಕೆ ರೇಬೀಸ್ ಚುಚ್ಚುಮದ್ದಿನ ಪ್ರಮಾಣಪತ್ರ ಬೇಕು. ನನಗೆ ಮರಿ ಮಾರಿದವರು "ಹಳ್ಳಿಯಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ" ಎಂದಿದ್ದರು. ನಾನೂ ನಂಬಿ ಎರಡು ವರ್ಷ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಗೇಟಿನ ಕೆಳಗಿನ ಸರಳುಗಳ ನಡುವಿನಿಂದ ಮೂತಿ ತೂರಿಸಿ ಅದು ಪೇಪರ್ ಹಾಕುವ ಹುಡುಗನ ಮೀನಖಂಡವನ್ನು ಕಚ್ಚಿತು. ಆಸ್ಪತ್ರೆಯಲ್ಲಿ ಅವನ ತಾಯಿ ಕೇಳಿದ ಮೊದಲ ಪ್ರಶ್ನೆ, "ನಾಯಿಗೆ ಇಂಜೆಕ್ಷನ್ ಆಗಿದೆಯೇ?" ಎಂಬುದು. ಆಗಿತ್ತು, ಆದರೆ ತೋರಿಸಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆ ತಾಯಿಯ ಮುಖ ನನಗೆ ಇಂದಿಗೂ ಕಣ್ಣೆದುರಿಗಿದೆ. ಹುಡುಗನ ಚಿಕಿತ್ಸೆಯ ಖರ್ಚನ್ನು ನಾನೇ ವಹಿಸಿದೆ. ಮರುವಾರವೇ ಪರವಾನಗಿ ಮಾಡಿಸಿ, ಗೇಟಿನ ಕೆಳಭಾಗಕ್ಕೆ ತಗಡು ಹೊಡೆಸಿದೆ.

ಕುಂಬಳೆಯಿಂದ: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ಅಲ್ಲಿ ತಳಿಯ ಹೆಸರೇ ಇಲ್ಲ.

ಮಂಜೇಶ್ವರದಿಂದ: ಹೆದರಿಕೆಯಿಂದ ಹಗಲಿರುಳು ಗಿಡ್ಡ ಸಂಕೋಲೆಯಲ್ಲಿ ಕಟ್ಟಿಹಾಕಬೇಡಿ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅದೂ ಅಪರಾಧ. ಕಟ್ಟಿಯೇ ಬೆಳೆಸಿದ ನಾಯಿ ಬಿಟ್ಟ ದಿನ ಎಷ್ಟು ಕೆರಳುತ್ತದೆಂಬುದನ್ನು ನಮ್ಮ ತೋಟದಲ್ಲಿ ನಾನೇ ಕಂಡಿದ್ದೇನೆ. ಅಡಿಕೆ ಕೊಯ್ಯಲು ಬರುವವರನ್ನು ಮರಿಯಾಗಿರುವಾಗಲೇ ಅದಕ್ಕೆ ಪರಿಚಯಿಸಿ. ದಿನಕ್ಕೆ ಎರಡು ಬಾರಿ ನಡೆಸಲು ನಿಮ್ಮ ಮನೆಯಲ್ಲಿ ಗಟ್ಟಿ ಕೈಯವರೊಬ್ಬರು ಇಲ್ಲದಿದ್ದರೆ, ಸ್ನೇಹಿತರಿಗೆ ಬೇಡವೆಂದೇ ಹೇಳಿಬಿಡಿ.